ಗುರಿ ತಪ್ಪಿದ ಐದು ಗುಂಡುಗಳು

ಬೇಸಿಗೆಯ ರಜೆಯಲ್ಲಿ ಪುಸ್ತಕದ ಬೀರುವನ್ನು ಬರಿದುಮಾಡಿ ಧೂಳು ಕೊಡಹುವುದು ನನ್ನಂಥ ಮೇಷ್ಟರುಗಳಿಗೆ ಒಂದು ವಾರ್ಷಿಕ ವ್ರತ. ಕಳೆದ ಬೇಸಿಗೆಯಲ್ಲಿ ಆ ವ್ರತವನ್ನು ಆಚರಿಸುತ್ತಿದ್ದಾಗ, ವಿದ್ಯಾರ್ಥಿದೆಸೆಯಲ್ಲಿ ಓದಿದ ಒಂದು ವ್ಯಾಕರಣ ಪುಸ್ತಕದ ನಡುವಿನಿಂದ ನಾಲ್ಕು ಮಡಿಕೆಯ ದಪ್ಪ ಕಾಗದವೊಂದು ಜಾರಿ ನೆಲಕ್ಕೆ ಬಿತ್ತು. ಬಿಡಿಸಿ ನೋಡಿದೆ. ನಡುವೆ ಒಂದು ಕಪ್ಪು ವೃತ್ತ. ಅದರ ಸುತ್ತ ಒಂದರ ಹೊರಗೊಂದು ಬಳೆಗಳಂತೆ ಗೆರೆಗಳು. ಕಪ್ಪಿನಲ್ಲಾಗಲಿ ಬಳೆಗಳಲ್ಲಾಗಲಿ ಒಂದು ತೂತೂ ಇಲ್ಲ. ಆದರೆ ಕೆಳಗಡೆ ಎಡಮೂಲೆಯಲ್ಲಿ, ಒಂದು ನಿಂಬೆಹಣ್ಣಿನಷ್ಟು ಅಗಲದೊಳಗೆ, ಐದು ತೂತುಗಳು ಒತ್ತೊತ್ತಾಗಿ ಕುಳಿತಿದ್ದವು. ಮೇಲ್ಗಡೆ ಕೆಂಪು ಪೆನ್ಸಿಲಿನಲ್ಲಿ ಬರೆದ ಒಂದು ದೊಡ್ಡ ಸೊನ್ನೆ.

ಆ ಸೊನ್ನೆ ನನ್ನದು. ಇಪ್ಪತ್ತೈದು ವರ್ಷಗಳಷ್ಟು ಹಿಂದಿನ ಮಾತು. ನನಗಾಗ ಹದಿನೆಂಟು. ಕಾಲೇಜಿನ ಹುಡುಗರಿಗಾಗಿ ನಡೆದ ಒಂದು ತರಬೇತಿ ಶಿಬಿರದಲ್ಲಿ ನಮಗೆಲ್ಲ ಬಂದೂಕು ಹೊಡೆಯಲು ಕಲಿಸಿದರು. ಕಲಿಸಿದರು ಎನ್ನುವುದು ಉಪಚಾರದ ಮಾತು. ಬೆಳಗ್ಗೆ ಒಂದು ಗಂಟೆ ಮರದ ನೆರಳಿನಲ್ಲಿ ಕೂರಿಸಿ ಬಂದೂಕಿನ ಬಿಡಿಭಾಗಗಳ ಹೆಸರುಗಳನ್ನು ಬಾಯಿಪಾಠ ಮಾಡಿಸಿದರು. ಮಧ್ಯಾಹ್ನ ಬಯಲಿಗೆ ಕರೆದೊಯ್ದು, ಇಪ್ಪತ್ತೈದು ಮೀಟರು ದೂರದ ಹಲಗೆಯ ಎದುರು ಬೋರಲಾಗಿ ಮಲಗಿಸಿ, ಒಬ್ಬೊಬ್ಬನಿಗೆ ಐದೈದು ತೋಟಾ ಕೊಟ್ಟರು. ಹಿಂದಿನಿಂದ ಅಪ್ಪಣೆಗಳು ಬಂದವು. ಅವು ಕನ್ನಡದಲ್ಲಿರಲಿಲ್ಲ, ಅರ್ಧ ತಿಳಿಯಿತು, ಅರ್ಧವನ್ನು ಪಕ್ಕದವನನ್ನು ನೋಡಿ ಊಹಿಸಿದೆ. ಐದು ಸದ್ದು ಮಾಡಿ ಎದ್ದುಬಂದೆ. ಸಂಜೆ ಎಲ್ಲರ ಕಾಗದಗಳನ್ನೂ ತಂದು, ಹೆಸರು ಕೂಗಿ, ಅಂಕಗಳನ್ನು ಓದಿದರು. ನನ್ನ ಸರದಿ ಬಂದಾಗ ಸೊನ್ನೆ ಎಂದರು. ಶಿಬಿರವೆಲ್ಲ ನಕ್ಕಿತು. ಇದು ಬಂದೂಕು ಹಿಡಿಯುವ ಕೈಯಲ್ಲ, ಬಳಪ ಹಿಡಿಯುವ ಕೈ ಎಂದು ಯಾರೋ ಹೇಳಿದರು. ಮತ್ತೊಮ್ಮೆ ನಕ್ಕರು.

ನಮ್ಮ ಭಾಷೆಯಲ್ಲಿ ‘ಗುರಿ’ ಎಂಬ ಶಬ್ದಕ್ಕೆ ಎರಡು ಮುಖಗಳುಂಟು. ನಾವು ಒಂದಕ್ಕೆ ಗುರಿ ಇಡುತ್ತೇವೆ. ಇನ್ನೊಂದಕ್ಕೆ ಗುರಿ ಆಗುತ್ತೇವೆ. ಅಂದು ನಾನು ಗುರಿಯಿಟ್ಟದ್ದು ಹಲಗೆಗೆ, ಗುರಿಯಾದದ್ದು ನಗೆಗೆ. ಆ ಕೈ ಮುಂದೆ ಬಂದೂಕನ್ನು ಮುಟ್ಟಲಿಲ್ಲ. ಬಳಪವನ್ನೇ ಹಿಡಿಯಿತು. ಆ ಭವಿಷ್ಯವಾಣಿಯನ್ನು ನುಡಿದವನು ಎಲ್ಲಿದ್ದರೂ ಚೆನ್ನಾಗಿರಲಿ. ಆದರೆ ಆ ಕಾಗದವನ್ನು ಏಕೆ ಹರಿದೊಗೆಯಲಿಲ್ಲವೋ ಅರಿಯೆ. ಅವಮಾನಗಳನ್ನೂ ಮಡಿಸಿ ಜೋಪಾನ ಮಾಡುವ ವಯಸ್ಸು ಅದು.

ನಮ್ಮ ಬೀದಿಯ ಕೊನೆಯಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದಾರೆ. ಪಕ್ಕದ ಪಟ್ಟಣದ ಗುರಿಕಾರರ ಸಂಘವೊಂದರಲ್ಲಿ ವಾರಕ್ಕೆ ಮೂರು ದಿನ ಹುಡುಗ ಹುಡುಗಿಯರಿಗೆ ರೈಫಲ್ ವಿದ್ಯೆಯನ್ನು ಹೇಳಿಕೊಡುತ್ತಾರೆ. ಸಂಜೆ ವಾಯುವಿಹಾರದಲ್ಲಿ ನಾವಿಬ್ಬರೂ ಜೊತೆ. ನಗೆಯಾಟಕ್ಕೆ ಒಂದು ವಸ್ತುವಾದೀತೆಂದು ಆ ಕಾಗದವನ್ನು ಒಯ್ದು ಅವರ ಮುಂದೆ ಹರಡಿದೆ. ಅವರು ನಗಲಿಲ್ಲ. ಕನ್ನಡಕವನ್ನು ಏರಿಸಿಕೊಂಡು ಮೂಲೆಯ ಆ ಐದು ತೂತುಗಳ ಮೇಲೆ ಹೆಬ್ಬೆರಳನ್ನಾಡಿಸಿ, “ಮೇಷ್ಟ್ರೇ, ಇದನ್ನು ಹೊಡೆದ ಹುಡುಗ ಯಾರು? ಎಲ್ಲಿದ್ದಾನೆ? ಕರೆದುಕೊಂಡು ಬನ್ನಿ” ಎಂದರು.

ಹುಡುಗನು ತಮ್ಮ ಎದುರಿಗೇ ಕುಳಿತಿದ್ದಾನೆ, ಸ್ವಲ್ಪ ನರೆತಿದ್ದಾನೆ, ಎಂದೆ.

ಅವರು ನನ್ನನ್ನು ದಿಟ್ಟಿಸಿ ನೋಡಿದರು. ಆಮೇಲೆ ನಿಧಾನವಾಗಿ ವಿವರಿಸಿದರು. ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆಯೆಂಬುದು ಒಂದು ಪ್ರಶ್ನೆ. ಎಲ್ಲಿ ಬಿದ್ದಿವೆಯೆಂಬುದು ಇನ್ನೊಂದು ಪ್ರಶ್ನೆ. ಮೊದಲನೆಯದು ಹೊಡೆದವನ ಗುಣ. ಎರಡನೆಯದು ಬಹುಮಟ್ಟಿಗೆ ಬಂದೂಕಿನ ಗುಣ. ಐದು ಬಾರಿಯೂ ಒಂದೇ ರೀತಿ ಮಲಗಿ, ಒಂದೇ ರೀತಿ ಉಸಿರು ಹಿಡಿದು, ಒಂದೇ ರೀತಿ ಕುದುರೆಯನ್ನು ಒತ್ತಿದವನ ಗುಂಡುಗಳು ಮಾತ್ರವೇ ಹೀಗೆ ಒಟ್ಟಿಗೆ ಕೂರುತ್ತವೆ. ಮೊಟ್ಟಮೊದಲ ದಿನವೇ ಹೀಗೆ ಕೂರಿಸುವವರು ಕಡಮೆ. ಗುಂಪು ನಡುವೃತ್ತದಿಂದ ದೂರ ಹೋಗಿದೆಯೆಂದರೆ, ಗುರಿ ನೋಡುವ ಮೊನೆ ತನ್ನ ಜಾಗದಲ್ಲಿರಲಿಲ್ಲ ಎಂದರ್ಥ. ಇಲ್ಲವೆ ಐದು ಬಾರಿಯೂ ಬೆರಳು ಒಂದೇ ರೀತಿಯಲ್ಲಿ ತಪ್ಪುಮಾಡಿತೆಂದರ್ಥ. ಮೊದಲನೆಯದು ತಿರುಪಿನಿಂದ ಒಂದು ನಿಮಿಷದಲ್ಲಿ ಸರಿಹೋಗುತ್ತದೆ. ಎರಡನೆಯದಕ್ಕೆ ಒಂದು ವಾರ ಬೇಕು. ಎರಡರಲ್ಲಿ ಯಾವುದಾದರೂ ಸೊನ್ನೆಯಲ್ಲ.

ನಾನು ಮನೆಗೆ ಬಂದು ಒಂದು ಲೆಕ್ಕ ಹಾಕಿ ನೋಡಿದೆ. ಬಂದೂಕಿನ ಹಿಂದಿನ ಕಿಂಡಿಗೂ ಮುಂದಿನ ಮೊನೆಗೂ ನಡುವೆ ಸುಮಾರು ಅರವತ್ತು ಸೆಂಟಿಮೀಟರು ಅಂತರವೆನ್ನೋಣ. ಮೊನೆ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದಿದ್ದರೂ, ಇಪ್ಪತ್ತೈದು ಮೀಟರಿನಾಚೆ ಗುಂಡು ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚೇ ಸರಿದು ಬೀಳುತ್ತದೆ. ನನ್ನ ಐದು ಗುಂಡುಗಳು ನಡುವೃತ್ತದಿಂದ ಎಂಟು ಸೆಂಟಿಮೀಟರು ದೂರದಲ್ಲಿದ್ದವು. ಅಂದರೆ ಎರಡು ಮಿಲಿಮೀಟರಿನ ಸಂಗತಿ. ಎರಡು ಅಕ್ಕಿಕಾಳಿನ ದಪ್ಪದಷ್ಟು ಲೋಹವನ್ನು ಯಾರೂ ಸರಿಸದೆಹೋದದ್ದರಿಂದ ಒಬ್ಬ ಹುಡುಗನ ಕೈ ಇಪ್ಪತ್ತೈದು ವರ್ಷ ಅಳುಕಿತು.

ವಾಚಕರು ಇದನ್ನು ನನ್ನ ಸ್ವಂತದ ಅಳಲೆಂದು ಭಾವಿಸಬಾರದು. ನನಗೆ ಈಗ ಪದಕ ಬೇಕಾಗಿಲ್ಲ. ನನ್ನನ್ನು ಕಾಡುವುದು ಬೇರೆ. ಅಂದು ಬಯಲಿನಲ್ಲಿದ್ದವರೆಲ್ಲರೂ ಹಲಗೆಯನ್ನು ನೋಡುತ್ತಿದ್ದರು. ಮಲಗಿದ್ದ ಹುಡುಗನನ್ನು ನೋಡಿದವರು ಒಬ್ಬರೂ ಇರಲಿಲ್ಲ. ಬಂದೂಕಿನ ವಿದ್ಯೆಯನ್ನು ಕಲಿಸುವ ಕ್ರಮ ಸುಧಾರಿಸಬೇಕಾದರೆ ಮೊದಲು ಸುಧಾರಿಸಬೇಕಾದದ್ದು ಈ ನೋಟ. ಹಲಗೆ ಪರೀಕ್ಷಕನಿಗೆ ಸೇರಿದ್ದು. ಗುರುವಿಗೆ ಸೇರಿದ್ದು ಶಿಷ್ಯ.

ನಮ್ಮ ದೇಶದಲ್ಲಿ ಗುರಿಯ ಪಾಠವೆಂದೊಡನೆ ನೆನಪಿಗೆ ಬರುವವನು ದ್ರೋಣ. ಆದಿಪರ್ವದ ಆ ಕಥೆಯನ್ನು ನಾನೇ ಎಷ್ಟೋ ಸಲ ತರಗತಿಯಲ್ಲಿ ಹೇಳಿದ್ದೇನೆ. ಮರದ ತುದಿಯಲ್ಲಿ ಒಂದು ಕೃತಕ ಪಕ್ಷಿಯನ್ನು ಇರಿಸಿ, ಆಚಾರ್ಯನು ಒಬ್ಬೊಬ್ಬ ರಾಜಕುಮಾರನನ್ನೂ ಕರೆದು, ನಿನಗೆ ಏನು ಕಾಣಿಸುತ್ತದೆ ಎಂದು ಕೇಳುತ್ತಾನೆ. ಧರ್ಮರಾಯನಿಗೆ ಮರವೂ ಕಾಣಿಸುತ್ತದೆ, ಗುರುವೂ ಕಾಣಿಸುತ್ತಾನೆ, ತಮ್ಮಂದಿರೂ ಕಾಣಿಸುತ್ತಾರೆ. ಅವನನ್ನು ಪಕ್ಕಕ್ಕೆ ಸರಿಯೆನ್ನುತ್ತಾನೆ. ಉಳಿದವರ ಗತಿಯೂ ಅದೇ. ಕೊನೆಯಲ್ಲಿ ಅರ್ಜುನನೊಬ್ಬನಿಗೆ ಹಕ್ಕಿಯ ತಲೆಯಲ್ಲದೆ ಬೇರೇನೂ ಕಾಣಿಸುವುದಿಲ್ಲ. ಬಿಡು ಎನ್ನುತ್ತಾನೆ, ಬಾಣ ತಾಗುತ್ತದೆ. ಏಕಾಗ್ರತೆಯ ಮಹಿಮೆಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲವೆಂದು ನಾವು ಪಾಠವನ್ನು ಮುಗಿಸುತ್ತೇವೆ.

ಆದರೆ ಸುಬೇದಾರರ ಜಗಲಿಯಿಂದ ಎದ್ದುಬಂದ ಮೇಲೆ ಆ ಕಥೆ ನನಗೆ ಬೇರೊಂದು ರೀತಿಯಲ್ಲಿ ಕಾಣತೊಡಗಿತು. ದ್ರೋಣನು ಅಂದು ಪರೀಕ್ಷೆ ಮಾಡಿದನು, ಪಾಠ ಮಾಡಲಿಲ್ಲ. ಪ್ರಶ್ನೆ ಬಹಳ ಒಳ್ಳೆಯದು. ಏನು ಕಾಣಿಸುತ್ತದೆಯೆಂದು ಕೇಳುವವನು ಶಿಷ್ಯನ ಒಳಹೊಕ್ಕು ನೋಡಬಲ್ಲ ಗುರುವೇ ಸರಿ. ಆದರೆ ಧರ್ಮರಾಯನು ಮರವೂ ಕಾಣಿಸುತ್ತದೆಂದಾಗ, ಹಾಗಾದರೆ ಮರವನ್ನು ಬಿಟ್ಟು ಹಕ್ಕಿಯನ್ನು ಮಾತ್ರ ಕಾಣುವುದು ಹೇಗೆಂದು ಕಲಿಸಬೇಕಾದದ್ದು ಆ ಘಳಿಗೆಯಲ್ಲಿಯೇ. ಪಾಠ ಆರಂಭವಾಗಬೇಕಾದಲ್ಲಿ ತರಗತಿ ಮುಗಿದುಹೋಯಿತು. ನೂರಾರು ಶಿಷ್ಯರಲ್ಲಿ ಒಬ್ಬ ಗೆದ್ದನೆಂದರೆ ಅದು ಆ ಒಬ್ಬನ ಕೀರ್ತಿ. ಉಳಿದವರೆಲ್ಲ ಸೋತರೆಂದರೆ ಅದು ಯಾರ ಲೆಕ್ಕಕ್ಕೆ ಸೇರಬೇಕು? ಏಕಲವ್ಯನ ಮಣ್ಣಿನ ಗುರು ಒಂದು ವಿಷಯದಲ್ಲಿ ವಾಸಿ: ಅವನು ಅಂಕವನ್ನೂ ಕೊಡಲಿಲ್ಲ, ಗದರಿಸಲೂ ಇಲ್ಲ.

ಇನ್ನೂ ಒಂದು ವಿನೋದವಿದೆ. ಬಿಲ್ಲಿಗೆ ಸಂದ ಉತ್ತರ ರೈಫಲಿಗೆ ಸಲ್ಲುವುದಿಲ್ಲ. ಕಿಂಡಿ ಮತ್ತು ಮೊನೆ ಇರುವ ಬಂದೂಕನ್ನು ಹಿಡಿದು, ನನಗೆ ಹಕ್ಕಿಯ ತಲೆ ಮಾತ್ರ ಕಾಣಿಸುತ್ತದೆ ಎಂದು ಅರ್ಜುನನು ಹೇಳಿದ್ದರೆ, ಸುಬೇದಾರರು ಅವನನ್ನೂ ಪಕ್ಕಕ್ಕೆ ಕೂರಿಸಿಕೊಂಡು ತಿದ್ದುತ್ತಿದ್ದರು. ಮನುಷ್ಯನ ಕಣ್ಣು ಒಂದು ಕ್ಷಣದಲ್ಲಿ ಒಂದೇ ದೂರದ ವಸ್ತುವನ್ನು ನಿಚ್ಚಳವಾಗಿ ಕಾಣಬಲ್ಲುದು. ಹತ್ತಿರದ ಕಿಂಡಿ, ಆಚೆಯ ಮೊನೆ, ದೂರದ ಹಲಗೆ, ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದು ಸಾಧ್ಯವಿಲ್ಲ. ಸ್ಪಷ್ಟವಾಗಿ ಕಾಣಬೇಕಾದದ್ದು ಮೊನೆ. ಗುರಿ ಸ್ವಲ್ಪ ಮಸುಕಾಗಿಯೇ ಇರಬೇಕು. ಏಕೆಂದರೆ ಹಲಗೆಯ ಮೇಲೆ ನೋಟ ಒಂದು ಬೆರಳಿನಷ್ಟು ಅಲುಗಿದರೆ ಗುಂಡು ಒಂದು ಬೆರಳಿನಷ್ಟೇ ತಪ್ಪುತ್ತದೆ. ಮೊನೆ ಒಂದು ಕೂದಲೆಳೆಯಷ್ಟು ಅಲುಗಿದರೂ ತಪ್ಪು ನಲವತ್ತು ಪಟ್ಟು ದೊಡ್ಡದಾಗುತ್ತದೆ. ಇದನ್ನು ಹೇಳಿಕೊಡದೆ, ಗುರಿಯನ್ನು ಚೆನ್ನಾಗಿ ನೋಡು ಎಂದು ಹುಡುಗರ ಬೆನ್ನ ಹಿಂದೆ ನಿಂತು ಕೂಗುವುದು, ದಾರಿ ತಪ್ಪಿದವನಿಗೆ ಬೇಗ ನಡೆ ಎಂದಂತೆ.

ಈ ವಿದ್ಯೆಯನ್ನು ಶಾಲೆ ಕಟ್ಟಿ ಕ್ರಮವಾಗಿ ಕಲಿಸಬೇಕೆಂಬ ಯೋಚನೆ ಬಹಳ ಹಳೆಯದೇನಲ್ಲ. ಹದಿನೆಂಟನೆಯ ಶತಮಾನದ ಯೂರೋಪಿನಲ್ಲಿ ಸಾಮಾನ್ಯ ಸಿಪಾಯಿ ಗುರಿಯಿಟ್ಟು ಹೊಡೆಯುವುದು ಅಪರೂಪ. ಸಾಲಾಗಿ ನಿಂತು, ಅಪ್ಪಣೆಯಾದೊಡನೆ ಎದುರಿನ ಸಾಲಿನ ಕಡೆಗೆ ಹಾರಿಸುತ್ತಿದ್ದನು. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಕೊರೆದ ರೈಫಲ್ ಎಲ್ಲ ಸಿಪಾಯಿಗಳ ಕೈಗೂ ಬಂದಾಗ ಒಬ್ಬೊಬ್ಬನಿಗೂ ಗುರಿ ಕಲಿಸಬೇಕಾಯಿತು. 1853ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಹೈಥ್ ಎಂಬ ಊರಿನಲ್ಲಿ ಅದಕ್ಕಾಗಿ ಒಂದು ಶಾಲೆ ಹುಟ್ಟಿತು. ದೂರವನ್ನು ಅಂದಾಜುಮಾಡುವುದು, ಮೈಯನ್ನು ಇರಿಸಿಕೊಳ್ಳುವುದು, ಗುರಿ ನೋಡುವುದು, ಇವೆಲ್ಲ ಅಲ್ಲಿ ಪಾಠಗಳಾದವು.

ಆ ಪಾಠ ನಮ್ಮ ದೇಶಕ್ಕೆ ಬಂದ ಬಗೆಯನ್ನು ಎಲ್ಲರೂ ಬಲ್ಲರು. ಆದರೆ ಅದೊಂದು ಪಾಠದ ಕಥೆಯೆಂದು ನಾವು ನೆನೆಯುವುದಿಲ್ಲ. ಹೊಸ ಎನ್‌ಫೀಲ್ಡ್ ರೈಫಲನ್ನು ಸಿಪಾಯಿಗಳಿಗೆ ಕಲಿಸಲು ಕಲಕತ್ತೆಯ ಬಳಿಯ ದಮ್‌ದಮ್, ಅಂಬಾಲ, ಸಿಯಾಲ್‌ಕೋಟ್ ಎಂಬ ಮೂರು ಕಡೆ ತರಬೇತಿ ಕೇಂದ್ರಗಳನ್ನು ತೆರೆದಿದ್ದರು. ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕೆಂಬುದು ಕವಾಯತಿನ ಕ್ರಮ. ಅದಕ್ಕೆ ಸವರಿದ ಜಿಡ್ಡು ಹಸುವಿನದು, ಹಂದಿಯದು ಎಂಬ ಮಾತು 1857ರ ಜನವರಿಯಲ್ಲಿ ದಮ್‌ದಮ್ಮಿನಲ್ಲಿ ಹಬ್ಬಿತು. ಆಮೇಲೆ ಹಲ್ಲಿನ ಬದಲು ಕೈಯಿಂದಲೇ ಹರಿಯಬಹುದೆಂದು ಕ್ರಮವನ್ನು ಬದಲಾಯಿಸಿದರು. ಹೊತ್ತು ಮೀರಿತ್ತು. ಆ ವರ್ಷದ ದಂಗೆಗೆ ಕಾರಣಗಳು ನೂರು. ಒಂದು ಪಾಠಕ್ರಮವೇ ಅದನ್ನು ಹೊತ್ತಿಸಿತೆಂದು ನಾನು ಹೇಳಲಾರೆ. ಆದರೆ ಆ ಪಾಠಕ್ರಮವನ್ನು ಬರೆದವರು ಬಂದೂಕನ್ನು ಬಲ್ಲವರು, ತೋಟಾವನ್ನು ಬಲ್ಲವರು. ಅದನ್ನು ಕಚ್ಚಬೇಕಾದ ಬಾಯಿ ಯಾರದೆಂದು ಯೋಚಿಸದವರು. ಶಿಷ್ಯನನ್ನು ಮರೆತ ಪಾಠಕ್ಕೆ ಇದಕ್ಕಿಂತ ದುಬಾರಿಯಾದ ಉದಾಹರಣೆಯನ್ನು ಚರಿತ್ರೆಯಲ್ಲಿ ಹುಡುಕುವುದು ಕಷ್ಟ.

ಆಂಗ್ಲರು ಇನ್ನೊಂದು ಪಾಠವನ್ನು ದಕ್ಷಿಣ ಆಫ್ರಿಕದಲ್ಲಿ ಕಲಿತರು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದಲ್ಲಿ, ಹೊಲಗದ್ದೆಯ ಒಕ್ಕಲಿಗರು ಕವಾಯತು ಕಲಿತ ಸೈನ್ಯಕ್ಕಿಂತ ಚೆನ್ನಾಗಿ ಗುರಿಯಿಟ್ಟು ಹೊಡೆದರು. ಅನಂತರ ಹೈಥಿನ ಪಾಠಗಳು ಬದಲಾದವು. ನಿಮಿಷಕ್ಕೆ ಹದಿನೈದು ಗುಂಡುಗಳನ್ನು ಗುರಿ ನೋಡಿಯೇ ಹೊಡೆಯುವ ಅಭ್ಯಾಸ ಬಂದಿತು. ಅಮೆರಿಕದವರು 1950ರ ದಶಕದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ಗೊತ್ತಾದ ದೂರದಲ್ಲಿ ಅಲುಗದೆ ನಿಂತ ಕಪ್ಪು ವೃತ್ತದ ಬದಲು, ಪೊದೆಯ ಮರೆಯಿಂದ ಥಟ್ಟನೆ ಎದ್ದು ಮರೆಯಾಗುವ ಆಕೃತಿಗಳನ್ನು ಹೊಡೆಯಲು ಕಲಿಸಿದರು. ಟ್ರೇನ್‌ಫೈರ್ ಎಂದು ಅದಕ್ಕೆ ಹೆಸರು. ಮನಶ್ಶಾಸ್ತ್ರಜ್ಞರು ಕೂಡಿ ಮಾಡಿದ ಸುಧಾರಣೆ ಅದು. ಮುಂದೆ ಮಾಡಬೇಕಾದ ಕೆಲಸವನ್ನು ಹೋಲುವಂತಿರಬೇಕು ಅಭ್ಯಾಸ ಎಂಬ ತತ್ತ್ವ ಅದರ ಹಿಂದಿತ್ತು. ಒಳ್ಳೆಯದೇ. ಆದರೆ ಗಮನಿಸಿ: ಈ ಸುಧಾರಣೆಯೂ ಮುಖ್ಯವಾಗಿ ಬದಲಾಯಿಸಿದ್ದು ಹಲಗೆಯನ್ನು.

ಹಲಗೆಯನ್ನೇ ತೆಗೆದುಹಾಕಿ ಕಲಿಸುವ ಕ್ರಮವೊಂದು ಜಪಾನಿನಲ್ಲಿದೆ. ಅಲ್ಲಿನ ಬಿಲ್ವಿದ್ಯೆಯಲ್ಲಿ ಹೊಸಬನು ಮೊದಲು ಹೊಡೆಯುವುದು ಹುಲ್ಲಿನ ಬಿಗಿಯಾದ ಒಂದು ಕಟ್ಟಿಗೆ. ಮಕಿವಾರ ಎನ್ನುತ್ತಾರೆ. ಅದು ಇರುವುದು ಒಂದು ಬಿಲ್ಲಿನಷ್ಟು ದೂರದಲ್ಲಿ. ಅಷ್ಟು ಹತ್ತಿರದಲ್ಲಿ ತಪ್ಪುವುದಕ್ಕೆ ಯಾರಿಗೂ ಸಾಧ್ಯವಿಲ್ಲ. ತಾಗಿದೆನೆಂಬ ಹೆಮ್ಮೆಗೂ ಎಡೆಯಿಲ್ಲ. ಆಗ ಉಳಿಯುವುದು ಮೈ, ಉಸಿರು, ಬೆರಳು. ಜಪಾನಿನಲ್ಲಿ ಅಧ್ಯಾಪಕನಾಗಿದ್ದ ಜರ್ಮನಿಯ ಓಯ್ಗೆನ್ ಹೆರಿಗೆಲ್ ಈ ವಿದ್ಯೆಯನ್ನು ಕಲಿತು 1948ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಅದರಿಂದ ಈ ಕ್ರಮ ಹೊರಜಗತ್ತಿಗೆ ಹೆಚ್ಚು ಪರಿಚಿತವಾಯಿತು.

ಇದನ್ನು ಹೇಳಿದಾಗ ಸುಬೇದಾರರು, “ಅದಕ್ಕೆ ಜಪಾನಿಗೆ ಏಕೆ ಹೋಗಬೇಕು ಮೇಷ್ಟ್ರೇ, ಭಾನುವಾರ ನಮ್ಮಲ್ಲಿಗೇ ಬನ್ನಿ” ಎಂದರು. ಹೋದೆ. ನಾನು ಅಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತೇನೆ.

ಮೊದಲ ದಿನ ಅವರು ಹೊಸಬರಿಗೆ ಗುಂಡನ್ನೇ ಕೊಡುವುದಿಲ್ಲ. ಮೊದಲ ಪಾಠ ಎಚ್ಚರಿಕೆಯದು: ಪ್ರತಿ ಬಂದೂಕಿನಲ್ಲಿಯೂ ಗುಂಡಿದೆಯೆಂದೇ ತಿಳಿ, ಅದರ ಮೂತಿಯನ್ನು ಮನುಷ್ಯರತ್ತ ಎಂದಿಗೂ ತಿರುಗಿಸಬೇಡ, ಹೊಡೆಯುವ ಗಳಿಗೆಯವರೆಗೆ ಬೆರಳನ್ನು ಕುದುರೆಯ ಮೇಲೆ ಇಡಬೇಡ. ಇದನ್ನು ಗದರಿಸಿ ಅಲ್ಲ, ಪ್ರತಿಯೊಬ್ಬರ ಬಾಯಿಂದಲೂ ಕಾರಣಸಹಿತ ಹೇಳಿಸಿ ಮುಗಿಸುತ್ತಾರೆ. ಆಮೇಲೆ ಕಣ್ಣಿನ ಪರೀಕ್ಷೆ. ಎರಡು ಅಂಗೈಗಳನ್ನೂ ಕೂಡಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಿ, ದೂರದ ತೆಂಗಿನ ಮರವನ್ನು ಎರಡು ಕಣ್ಣೂ ತೆರೆದು ನೋಡಲು ಹೇಳುತ್ತಾರೆ. ಬಳಿಕ ಒಂದೊಂದೇ ಕಣ್ಣನ್ನು ಮುಚ್ಚಿಸುತ್ತಾರೆ. ಯಾವ ಕಣ್ಣು ತೆರೆದಿದ್ದಾಗ ಮರ ಕಿಂಡಿಯಲ್ಲಿಯೇ ನಿಲ್ಲುತ್ತದೆಯೋ ಅದು ಮನೆಯ ಯಜಮಾನ. ಕೈ ಬಲಗೈಯಾದರೂ, ಸುಮಾರು ಮೂರರಲ್ಲಿ ಒಂದು ಪಾಲು ಜನರಿಗೆ ಯಜಮಾನಿಕೆ ಎಡಗಣ್ಣಿನದು. ಅಂಥವನನ್ನು ವಿಚಾರಿಸದೆ ಬಲಹೆಗಲಿಗೆ ಬಂದೂಕು ಕೊಟ್ಟು ಮಲಗಿಸಿದರೆ, ಅವನು ಜಗಳವಾಡುವ ಎರಡು ಕಣ್ಣುಗಳ ನಡುವೆ ಸಿಕ್ಕಿಬೀಳುತ್ತಾನೆ. ಎಷ್ಟು ಹುಡುಗರು ಈ ಒಂದು ಕಾರಣಕ್ಕೇ ದಡ್ಡರೆನ್ನಿಸಿಕೊಂಡು ಮನೆಗೆ ಹೋಗಿದ್ದಾರೋ!

ಎರಡನೆಯ ಪಾಠ ಮೈಯದು. ಮಲಗಿ ಗುರಿಯಿಟ್ಟ ಮೇಲೆ, ಕಣ್ಣು ಮುಚ್ಚಿಕೊಂಡು ಎರಡು ಸಲ ಉಸಿರಾಡು ಎನ್ನುತ್ತಾರೆ. ಕಣ್ಣು ತೆರೆದಾಗ ಮೊನೆ ಎಲ್ಲಿ ಹೋಗಿ ನಿಂತಿದೆಯೋ ಅದು ಮೈ ತಾನಾಗಿ ಒಪ್ಪಿದ ದಿಕ್ಕು. ಅದು ಗುರಿಯಿಂದ ಪಕ್ಕದಲ್ಲಿದ್ದರೆ ತೋಳಿನಿಂದ ಬಂದೂಕನ್ನು ಎಳೆಯಕೂಡದು. ಇಡೀ ಮೈಯನ್ನು ಸರಿಸಬೇಕು. ತೋಳಿನ ಬಲದಿಂದ ಎಳೆದು ತಂದ ಗುರಿ, ಗುಂಡು ಹಾರುವ ಕ್ಷಣದಲ್ಲಿ ತನ್ನ ಜಾಗಕ್ಕೆ ಹಿಂದಿರುಗುತ್ತದೆ. ಉಸಿರನ್ನು ಬಲವಂತವಾಗಿ ಕಟ್ಟುವುದೂ ಬೇಡ. ಬಿಟ್ಟ ಉಸಿರಿಗೂ ಮುಂದೆ ಎಳೆಯುವ ಉಸಿರಿಗೂ ನಡುವೆ ಸಹಜವಾದ ಒಂದು ಬಿಡುವು ಇರುತ್ತದೆ. ಅದರಲ್ಲಿ ಕೆಲಸ ಮುಗಿಯಬೇಕು. ಮುಗಿಯದಿದ್ದರೆ ಬಂದೂಕನ್ನು ಇಳಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಇಳಿಸುವುದು ಸೋಲಲ್ಲವೆಂದು ಅವರು ಒತ್ತಿ ಒತ್ತಿ ಹೇಳುತ್ತಾರೆ. ನಮಗೆ ಅಂದು ಇದನ್ನು ಯಾರೂ ಹೇಳಿರಲಿಲ್ಲ. ಉಸಿರು ಕಟ್ಟಿ ಕಣ್ಣು ಮಂಜಾಗುವವರೆಗೂ ಕಾಯುತ್ತಿದ್ದೆವು.

ಮೂರನೆಯದು ಭಯದ ಪಾಠ. ಹೊಸಬನ ದೊಡ್ಡ ಶತ್ರು ಗಾಳಿಯಲ್ಲ, ದೂರವಲ್ಲ. ಮುಂದೆ ಬರಲಿರುವ ಸದ್ದು. ಅದನ್ನು ನಿರೀಕ್ಷಿಸಿ ಹೆಗಲು ಸೆಟೆಯುತ್ತದೆ, ರೆಪ್ಪೆ ಮುಚ್ಚುತ್ತದೆ, ಬೆರಳು ಕುದುರೆಯನ್ನು ಜಗ್ಗುತ್ತದೆ. ಹೊಡೆದವನಿಗೆ ಇದು ತಿಳಿಯುವುದೇ ಇಲ್ಲ. ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಸುಬೇದಾರರು ಕಿವಿಗೆ ಮುಚ್ಚಳ ಕೊಟ್ಟು ಅರ್ಧ ಭಯವನ್ನು ಕಳೆಯುತ್ತಾರೆ. ಉಳಿದ ಅರ್ಧಕ್ಕೆ ಒಂದು ಉಪಾಯವುಂಟು. ಶಿಷ್ಯನು ನೋಡದ ಹಾಗೆ ತಾವೇ ಬಂದೂಕನ್ನು ತುಂಬಿ ಕೊಡುತ್ತಾರೆ. ಕೆಲವು ಸಲ ಒಳಗೆ ಇರುವುದು ತೋಟಾ, ಕೆಲವು ಸಲ ಹಾರಿಸಿ ಮುಗಿದ ಬರಿಯ ಚಿಪ್ಪು. ಚಿಪ್ಪಿದ್ದಾಗ ಟಿಕ್ ಎಂಬ ಸದ್ದು ಮಾತ್ರ. ಆದರೆ ಹುಡುಗನು ಬೆಚ್ಚಿದ್ದರೆ ನಳಿಗೆಯ ತುದಿ ಆ ಮೌನದಲ್ಲಿ ನಮಸ್ಕಾರ ಮಾಡಿದಂತೆ ಬಗ್ಗುತ್ತದೆ. ಬಯ್ಯುವ ಅಗತ್ಯವೇ ಇಲ್ಲ. ಅವನೇ ಕಂಡುಕೊಂಡು ನಗುತ್ತಾನೆ. ತನ್ನ ತಪ್ಪನ್ನು ತಾನೇ ಕಂಡು ನಗುವುದಕ್ಕೂ, ಇತರರು ಕಂಡು ನಗುವುದಕ್ಕೂ ಎಷ್ಟು ಅಂತರ!

ಗುಂಡು ಹೊಡೆಯುವ ದಿನ ಬಂದಾಗ ನಾನು ಬೆರಗಾದೆ. ಗುರಿಯ ಕಾಗದವನ್ನು ಹಿಂದುಮುಂದಾಗಿ ಅಂಟಿಸಿದ್ದರು. ಬಿಳಿಯ ಬೆನ್ನು ಮಾತ್ರ ಎದುರಿಗೆ, ವೃತ್ತವಿಲ್ಲ, ಅಂಕವಿಲ್ಲ. ಬಿಳಿಯ ನಡುಮಧ್ಯಕ್ಕೆ ಐದು ಗುಂಡು ಹೊಡೆ, ಎಲ್ಲಿಯಾದರೂ ಸರಿ ಒಟ್ಟಿಗೆ ಬೀಳಲಿ, ಎಂದಷ್ಟೇ ಅವರ ಅಪ್ಪಣೆ. ಮೊದಲು ಗುಂಪು, ಆಮೇಲೆ ಗುರಿ. ಹುಡುಗಿಯೊಬ್ಬಳು ಹೊಡೆಯುತ್ತಿದ್ದಾಗ ಅವರು ಹಲಗೆಯ ಕಡೆಗೆ ಬೆನ್ನು ಮಾಡಿ, ನೆಲದ ಮೇಲೆ ಕುಳಿತು, ಅವಳ ಬೆರಳನ್ನೂ ರೆಪ್ಪೆಯನ್ನೂ ನೋಡುತ್ತಿದ್ದರು. ಒಂದು ಗುಂಡು ಹಾರಿದೊಡನೆ, “ಎಲ್ಲಿ ಬಿತ್ತು ಮಗಾ?” ಎಂದು ಕೇಳಿದರು. ಕಾಗದವನ್ನು ನೋಡದೆ, ಸದ್ದಾದ ಕ್ಷಣದಲ್ಲಿ ಮೊನೆ ಎಲ್ಲಿತ್ತೆಂಬುದನ್ನು ನೆನೆದು ಅವಳು ಹೇಳಬೇಕು. “ಸ್ವಲ್ಪ ಬಲಕ್ಕೆ ಸಾರ್, ಬೆರಳು ಜಗ್ಗಿತು” ಎಂದಳು. ಅದನ್ನು ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತು ಹಾಕಿದಳು. ಐದೂ ಮುಗಿದ ಮೇಲೆಯೇ ಕಾಗದವನ್ನು ತಂದು, ಪುಸ್ತಕದ ಗುರುತಿಗೂ ಕಾಗದದ ತೂತಿಗೂ ತಾಳೆ ನೋಡಿದರು. ಎರಡೂ ಒಂದಾದಷ್ಟೂ ಅವರ ಮುಖ ಅರಳಿತು. ಗುಂಡು ನಡುವೆ ಬಿದ್ದುದಕ್ಕಿಂತ, ಎಲ್ಲಿ ಬಿತ್ತೆಂದು ಅವಳಿಗೆ ಗೊತ್ತಿದ್ದುದು ಅವರಿಗೆ ಹೆಚ್ಚಿನ ಸಂತೋಷ.

ಇದು ಒಬ್ಬ ಸುಬೇದಾರರ ಖಯಾಲಿಯಲ್ಲ. ಪ್ರತಿ ಯತ್ನಕ್ಕೂ ಫಲಿತಾಂಶವನ್ನು ಆಗಿಂದಾಗ ಹೇಳುತ್ತಾ ಹೋದರೆ, ಕಲಿಯುವವನು ಆ ಕ್ಷಣಕ್ಕೆ ಚುರುಕಾಗುತ್ತಾನೆ, ಆದರೆ ಹೇಳುವವರು ಇಲ್ಲದಾಗ ಕುಸಿಯುತ್ತಾನೆ ಎಂಬ ವಾದವನ್ನು ಸಾಲ್ಮೋನಿ, ಶ್ಮಿಟ್, ವಾಲ್ಟರ್ ಎಂಬ ಮೂವರು 1984ರಲ್ಲಿ ಮಂಡಿಸಿದರು. ಊರುಗೋಲಿನ ಮೇಲೆ ಭಾರ ಬಿಟ್ಟವನ ಕಾಲು ಬಲಗೊಳ್ಳುವುದಿಲ್ಲ. ಇಂದು ಗುಂಡು ತಾಗಿದ ಕ್ಷಣದಲ್ಲಿಯೇ ಪಕ್ಕದ ಪರದೆಯ ಮೇಲೆ ಅಂಕವನ್ನು ಮೂಡಿಸುವ ವಿದ್ಯುನ್ಮಾನ ಹಲಗೆಗಳು ಬಂದಿವೆ. ಗುಂಡು ಹಾರುವ ಮೊದಲು ನಳಿಗೆಯ ತುದಿ ಹೇಗೆಲ್ಲ ಅಲೆದಾಡಿತೆಂಬುದನ್ನು ಗೆರೆಯಾಗಿ ಬರೆದು ತೋರುವ ಯಂತ್ರಗಳೂ ಇವೆ. ಎರಡನೆಯದು ಗುರುವಿನ ಕೈಯಲ್ಲಿ ದೊಡ್ಡ ವರ. ಏಕೆಂದರೆ ಅದು ಹೊಡೆದವನನ್ನು ತೋರಿಸುತ್ತದೆ. ಮೊದಲನೆಯದು, ಎಚ್ಚರ ತಪ್ಪಿದರೆ, ಹಳೆಯ ಕೆಂಪು ಪೆನ್ಸಿಲಿನ ಹೊಸ ಅವತಾರ.

ಕೊಡಗಿನಿಂದ ಬಂದ ನನ್ನ ಸಹೋದ್ಯೋಗಿಯೊಬ್ಬರು ಈ ಮಾತಿಗೆ ತಮ್ಮ ಸಾಕ್ಷಿಯನ್ನೂ ಸೇರಿಸಿದರು. ಅವರ ನಾಡಿನಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ. ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಈಡು. “ನಾನು ಮೊದಲ ಸಲ ಹೊಡೆದಾಗ ಕಾಯಿ ಒಡೆಯಲಿಲ್ಲ. ಊರೆಲ್ಲ ಕಾಯಿಯನ್ನು ನೋಡಿತು. ಅಜ್ಜ ಮಾತ್ರ ನನ್ನ ಹೆಗಲನ್ನು ಮುಟ್ಟಿನೋಡಿ, ಇಲ್ಲಿ ಬಿಗಿ ಹೆಚ್ಚಾಯಿತು ಎಂದರು” ಎಂದು ಹೇಳಿದರು. ಆ ಅಜ್ಜ ಯಾವ ಹೈಥಿನಲ್ಲಿಯೂ ಕಲಿತವರಲ್ಲ.

ಕೋವಿ ಕೊಲ್ಲುವ ವಸ್ತು. ಅದನ್ನು ಚೆನ್ನಾಗಿ ಕಲಿಸುವುದಕ್ಕೆ ಇಷ್ಟು ಚಿಂತೆ ಏಕೆ ಎಂದು ಕೇಳುವವರುಂಟು. ಕೇಳಬೇಕಾದ ಪ್ರಶ್ನೆಯೇ. ಆದರೆ ಹೇಗಿದ್ದರೂ ಪ್ರತಿವರ್ಷ ಸಾವಿರಾರು ಎಳೆಯರ ಕೈಗೆ ಅದನ್ನು ಕೊಡುತ್ತಲೇ ಇದ್ದೇವೆ. ಕೊಡುವುದಾದರೆ ಅರೆಬರೆಯಾಗಿ ಕಲಿಸಿ ಕೊಡುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಮೇಲಾಗಿ ಇದು ಇಂದು ಒಂದು ಶಾಂತವಾದ ಕ್ರೀಡೆಯೂ ಹೌದು. ಹತ್ತು ಮೀಟರಿನ ಏರ್ ರೈಫಲ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆಯ ಅಗಲ ಅರ್ಧ ಮಿಲಿಮೀಟರು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಕೊನೆಯ ಗುಂಡಿಗೆ ಬಂದಾಗ ಫಿನ್ಲೆಂಡಿನ ಸ್ಪರ್ಧಿಯೂ ಅವರೂ ಸಮಸಮ. ಬಿಂದ್ರಾ 10.8 ಹೊಡೆದು ಚಿನ್ನ ಗೆದ್ದರು, ಇನ್ನೊಬ್ಬರು 9.7ಕ್ಕೆ ಇಳಿದು ಮೂರನೆಯವರಾದರು. 2024ರಲ್ಲಿ ಪ್ಯಾರಿಸಿನಲ್ಲಿ ಸ್ವಪ್ನಿಲ್ ಕುಸಾಳೆ ಐವತ್ತು ಮೀಟರಿನ ರೈಫಲ್ ಸ್ಪರ್ಧೆಯಲ್ಲಿ ಕಂಚು ತಂದರು. ಅಂಥ ಗಳಿಗೆಯಲ್ಲಿ ಅಂಕವನ್ನು ನೆನೆದವನ ಕೈ ನಡುಗುತ್ತದೆ. ಮೈ, ಉಸಿರು, ಬೆರಳುಗಳ ಕ್ರಮವನ್ನು ನೆನೆದವನಿಗೆ ಮಾತ್ರ ಹಿಡಿದುಕೊಳ್ಳಲು ಏನಾದರೂ ಇರುತ್ತದೆ. ಅಂಕವನ್ನು ಯಾರೂ ಕಲಿಸಲಾರರು. ಕ್ರಮವನ್ನು ಕಲಿಸಬಹುದು.

ಆದ್ದರಿಂದ ಈ ಶಿಕ್ಷಣಗಳನ್ನು ನಡೆಸುವವರಲ್ಲಿ ನನ್ನ ಕೋರಿಕೆ ಚಿಕ್ಕದು. ಐದು ಗುಂಡುಗಳನ್ನು ಒಂದೇ ಮಧ್ಯಾಹ್ನ ಸುಟ್ಟು ಮುಗಿಸುವ ಬದಲು, ಗುಂಡಿಲ್ಲದ ನಾಲ್ಕು ದಿನಗಳನ್ನು ಅದರ ಹಿಂದೆ ಇರಿಸಿ. ಅದಕ್ಕೆ ಖರ್ಚಿಲ್ಲ. ಮೊದಲ ಕಾಗದಕ್ಕೆ ಅಂಕ ಹಾಕಬೇಡಿ, ಗುಂಪನ್ನು ಅಳೆಯಿರಿ. ಚೆನ್ನಾಗಿ ಹೊಡೆಯುವವನೆಲ್ಲ ಚೆನ್ನಾಗಿ ಕಲಿಸುವವನಲ್ಲ; ಕಲಿಸುವವನಿಗೂ ಕಲಿಸುವುದನ್ನು ಕಲಿಸಿ. ಅಪ್ಪಣೆ ಯಾವ ಭಾಷೆಯಲ್ಲಾದರೂ ಇರಲಿ, ಕಾರಣವನ್ನು ಮಾತ್ರ ಹುಡುಗರ ಮನೆಮಾತಿನಲ್ಲಿ ಹೇಳಿ. ಉಸಿರು ಬಿಡು, ಬೆರಳನ್ನು ಮೆಲ್ಲಗೆ ಒತ್ತು, ಮೊನೆಯನ್ನು ನೋಡು, ಈ ಮಾತುಗಳಿಗೆ ಕನ್ನಡದಲ್ಲಿ ಏನೂ ಕೊರತೆಯಿಲ್ಲ.

ನನ್ನ ಆ ಹಳೆಯ ಕಾಗದ ಈಗ ನನ್ನ ಬಳಿ ಇಲ್ಲ. ಸುಬೇದಾರರು ಕೇಳಿ ತೆಗೆದುಕೊಂಡರು. ಹೊಸ ಮಕ್ಕಳು ಬಂದ ಮೊದಲ ದಿನ ಅದನ್ನು ಗೋಡೆಗೆ ಅಂಟಿಸಿ, ಮೇಲಿನ ಸೊನ್ನೆಯನ್ನು ಅಂಗೈಯಿಂದ ಮುಚ್ಚಿ ಹಿಡಿದು, ಏನು ಕಾಣಿಸುತ್ತದೆ ಎಂದು ಕೇಳುತ್ತಾರಂತೆ. ದ್ರೋಣನ ಪ್ರಶ್ನೆಯೇ. ಆದರೆ ಇಲ್ಲಿ ಯಾವ ಉತ್ತರ ಕೊಟ್ಟವನನ್ನೂ ಪಕ್ಕಕ್ಕೆ ಸರಿಸುವುದಿಲ್ಲ. ನಾನು ಹೋದ ಒಂದು ದಿನ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, “ಸಾರ್, ಇವನು ಚೆನ್ನಾಗಿ ಹೊಡೆದಿದ್ದಾನೆ, ಆದರೆ ಇವನಿಗೆ ಯಾರೋ ಹೇಳಿಕೊಟ್ಟಿಲ್ಲ” ಎಂದನು.

ನಾನು ಬಾಗಿಲ ಬಳಿ ನಿಂತಿದ್ದೆ. ಸುಬೇದಾರರು ನನ್ನ ಕಡೆ ನೋಡಲಿಲ್ಲ. ಆ ಹುಡುಗನನ್ನೇ ನೋಡುತ್ತಿದ್ದರು. ಮರುದಿನ ತರಗತಿಗೆ ಹೋದಾಗ, ತಿದ್ದಿದ ಉತ್ತರಪತ್ರಿಕೆಗಳ ಕಟ್ಟು ಮೇಜಿನ ಮೇಲಿತ್ತು. ಅಂಕಗಳನ್ನು ಓದಿಹೇಳುವ ಮೊದಲು ಬಹಳ ಹೊತ್ತು ಸುಮ್ಮನೆ ನಿಂತೆ.